ಮನಿ ತುಂಬ ಪಸಾರಾ, ಒಗ್ಯಾಕ ಕೈ ಬರವಲ್ದು: ಪದೇ ಪದೇ ಕೇಳೂ ಪ್ರಶ್ನೆಗಳು

ನಮ್ಮ ಮನಿ ಬಾಗಲಕೋಟಿ ನವನಗರದಾಗ ಐತಿ. ನಮ್ಮವ್ವಗ ಸಾಮಾನು ಕೂಡಿಡೂ ಜಡ್ಡು ಐತಿ ಅಂತ ನಮಗ ತಿಳದು ಐದು ವರ್ಷದ ಮ್ಯಾಲಾತು. ಅವತ್ತಿಂದ ಮದುವಿ ಮನ್ಯಾಗ, ಬಸ್ ಸ್ಟ್ಯಾಂಡಿನ್ಯಾಗ, ಕಿರಾಣಿ ಅಂಗಡಿ ಮುಂದ ಯಾರರ ಒಬ್ಬರು ಬಾಜೂಕ ಕರದು ಸಣ್ಣ ದನೀಲೆ ಕೇಳತಾರ, "ಯಕ್ಕಾ, ನಮ್ಮ ಮಾವಂದೂ ಹಂಗ ಐತಿ, ನೀವೇನ್ ಮಾಡಿದ್ರಿ?" ಅಂತ. ಒಬ್ಬೊಬ್ಬರಿಗೆ ಹೇಳಿ ಹೇಳಿ ಈಗ ಎಲ್ಲಾ ಒಂದ ಕಡೆ ಬರದಿಡೋಣ ಅನ್ನಿಸ್ತು. ನಾ ಡಾಕ್ಟರ್ ಅಲ್ಲ. ಅವ್ವನ ಜೋಡಿ ಡಾಕ್ಟರ್ ಮುಂದ ಕುಂತು ಕೇಳಿದ್ದು, ಓದಿ ತಿಳಕೊಂಡದ್ದು, ತಪ್ಪು ಮಾಡಿ ಕಲ್ತದ್ದು ಇಷ್ಟ ಇದರಾಗ ಐತಿ. ಅವ್ವನ ಕೇಳಿ, ಆಕಿ ಹೂಂ ಅಂದ ಮ್ಯಾಲನ ಬರದೀನಿ.

ಇದು ಮೈಗಳ್ಳತನಾನೋ, ಚಟಾನೋ, ಖರೇನ ಜಡ್ಡೋ?

ಜಡ್ಡರೀ. ಡಾಕ್ಟರು ಇದಕ್ಕ ಹೋರ್ಡಿಂಗ್ ಡಿಸಾರ್ಡರ್ ಅಂತಾರ. ಮೊದಲ ಇದನ್ನ ಓಸಿಡಿ, ಅಂದ್ರ ಬ್ಯಾಡಂದ್ರೂ ಒಂದ ವಿಚಾರ, ಒಂದ ಕೆಲಸ ಮತ್ತ ಮತ್ತ ಕಾಡೂ ಗೀಳಿನ ಜಡ್ಡು, ಅದರೊಳಗಿನ ಒಂದು ನಮೂನಿ ಅಂತ ಹಿಡೀತಿದ್ರು, 2013ರಾಗ ಅಮೆರಿಕಾದ ಮನೋವೈದ್ಯರು ತಮ್ಮ ಡಿಎಸ್‌ಎಂ-5 ಪುಸ್ತಕದಾಗ ಇದನ್ನ ಬ್ಯಾರೇನ ಕಾಯಿಲೆ ಅಂತ ಬರದ್ರು, ಆಮ್ಯಾಲ ವಿಶ್ವ ಆರೋಗ್ಯ ಸಂಸ್ಥೆಯವರೂ ಐಸಿಡಿ-11 ಪಟ್ಟಿಯಾಗ ಸೇರಿಸಿದ್ರು, ಆ ಪಟ್ಟಿ 2022ರ ಜನವರಿಯಿಂದ ಜಾರಿಯೊಳಗ ಐತಿ. ಹೊರದೇಶದಾಗ ಮಾಡಿದ ಲೆಕ್ಕದ ಪ್ರಕಾರ ನೂರು ಮಂದಿಯಾಗ ಸುಮಾರು 2ರಿಂದ 6 ಮಂದಿಗೆ ಇರ್ತೈತಿ. ಅಂದ್ರ ನಿಮ್ಮ ಓಣ್ಯಾಗೂ ಒಬ್ಬರರ ಇದ್ದಾರು, ಕದ ಅರ್ಧ ತಗದು ಮಾತಾಡಿಸಿ ಕಳಸ್ತಾರ ಅಂತ ನಿಮಗ ಗೊತ್ತಾಗಿರಂಗಿಲ್ಲ ಅಷ್ಟ.

ಮೈಗಳ್ಳತನ ಅನ್ನೂ ಮಾತು ನನಗ ಭಾಳ ನೋಯಿಸ್ತೈತಿ. ನಮ್ಮವ್ವ ನಸಿಕಿನ್ಯಾಗ ಐದಕ್ಕ ಏಳಾಕಿ, ಕಸಾ ಹೊಡದು, ರೊಟ್ಟಿ ಬಡದು, ಆಮ್ಯಾಲ ದಿನಾ ಎರಡು ತಾಸು ಆ ಸಾಮಾನಿನ ನಡುವ ಕುಂತು ಈ ಚೀಲದ್ದು ಆ ಚೀಲಕ್ಕ, ಆ ಡಬ್ಬಿದು ಈ ಡಬ್ಬಿಗೆ ಹಾಕ್ತಿದ್ಲು. ದುಡಿಯಾಕಿನ ಆಕಿ. ಎರಡು ತಾಸು ಆದ ಮ್ಯಾಲೂ ಒಂದು ಸಾಮಾನೂ ಮನಿ ಬಿಟ್ಟು ಹೊರಗ ಹೋಗಿರ್ತಿರಲಿಲ್ಲ, ಜಡ್ಡು ಅಂದ್ರ ಅದು.

ನಮ್ಮ ಮನ್ಯಾಗೂ ಅಟ್ಟದ ತುಂಬ ಸಾಮಾನು ಐತಿ, ಹಂಗಾರ ನಮಗೂ ಐತೇನು?

ಇರಲಿಕ್ಕಿಲ್ಲ. ನಮ್ಮ ಕಡೆ ಮಗಳ ಮದುವಿಗಂತ ಹಿತ್ತಾಳಿ ಕೊಡ, ತಾಮ್ರದ ಹಂಡೆ, ಸ್ಟೀಲ್ ಭಾಂಡೆ ಹತ್ತು ವರ್ಷ ಮೊದಲನ ತಗೊಂಡು ಇಡ್ತಾರ, ವರ್ಷದ ಜ್ವಾಳ, ಕಡ್ಲಿ ಚೀಲ ಕಟ್ಟಿ ಇಡ್ತಾರ, ಅದು ಸಂಸಾರ ಮಾಡೂ ರೀತಿ. ಹಳೇ ನಾಣ್ಯ, ಸ್ಟ್ಯಾಂಪ್ ಕೂಡಿಸವರೂ ಬ್ಯಾರೆ, ಅವರು ಚಂದಾಗಿ ಜೋಡಿಸಿ ಬಂದವರಿಗೆ ಖುಷಿಲೆ ತೋರಸ್ತಾರ. ಈ ಜಡ್ಡಿನವರು ಮುಚ್ಚಿಡ್ತಾರ, ಬೀಗರು ಬರ್ತೀವಿ ಅಂದ್ರ ಏನರ ನೆವ ಹೇಳ್ತಾರ.

ನೋಡಬೇಕಾದ್ದು ಸಾಮಾನು ಎಷ್ಟೈತಿ ಅಂತ ಅಲ್ಲ. ಮಲಗೂ ಖೋಲ್ಯಾಗ ಮಲಗಾಕ ಆಗತೈತೋ ಇಲ್ಲೋ, ಅಡಗಿಮನ್ಯಾಗ ಅಡಗಿ ಮಾಡಾಕ ಕಟ್ಟಿ ಖಾಲಿ ಐತೋ ಇಲ್ಲೋ, ಹರಕು ಚಪ್ಪಲ್ಲು, ಖಾಲಿ ಡಬ್ಬಿ ಅಂಥಾದ್ದನ್ನೂ ಒಗ್ಯಾಕ ಹೋದ್ರ ಎದಿ ಡವಡವ ಅಂತೈತೇನು, ಅದರಿಂದ ಮನ್ಯಾಗ ಜಗಳ, ಕೆಲಸಕ್ಕ ತೊಂದ್ರಿ ಆಗಾಕತ್ತೈತೇನು, ಇದನ್ನ ನೋಡ್ರಿ. ಡಾಕ್ಟರ್ ಹತ್ರ ಒಂಬತ್ತು ಫೋಟೋದ ಒಂದು ಸಾಲು ಇರ್ತೈತಿ, ಒಂದನೇದ್ದು ಸ್ವಚ್ಛ ಖೋಲಿ, ಒಂಬತ್ತನೇದ್ದು ಮಾಳಿಗಿ ಮುಟ್ಟ ತುಂಬಿದ್ದು, ನಿಮ್ಮ ಮನಿ ಯಾವುದರಂಗ ಐತಿ ಅಂತ ಬಟ್ಟು ಮಾಡಿ ತೋರಸ್ರಿ ಅಂತಾರ. ನಾಕು ಮತ್ತ ಅದರ ಮ್ಯಾಲಿದ್ರ ಸಹಾಯ ಬೇಕು ಅಂತ ಲೆಕ್ಕ. ಅವ್ವ ಮೂರು ತೋರಿಸಿದ್ಲು, ನಾ ಏಳು ತೋರಿಸಿದ್ದೆ. ಡಾಕ್ಟರು ಇಬ್ಬರಿಗೂ ಏನೂ ಅನ್ನಲಿಲ್ಲ, ಎರಡೂ ಬರಕೊಂಡ್ರು. ಈ ಜಡ್ಡಿನ್ಯಾಗ ತನಗ ಕಾಣೂ ಮನಿ ಬ್ಯಾರೆ, ಮಂದಿಗೆ ಕಾಣೂ ಮನಿ ಬ್ಯಾರೆ ಇರ್ತೈತಿ ಅಂತ ಆಮ್ಯಾಲ ತಿಳಿಸಿ ಹೇಳಿದ್ರು.

ಯಾಕ ಬರ್ತೈತಿ ಇದು?

ಒಂದ ಕಾರಣ ಇಲ್ಲ. ರಕ್ತದಾಗೂ ಬರ್ತೈತಿ, ಈ ಜಡ್ಡಿದ್ದವರನ್ನ ಕೇಳಿದ್ರ ಅರ್ಧದಷ್ಟು ಮಂದಿ ನಮ್ಮ ಮನೆತನದಾಗ ಇನ್ನೊಬ್ಬರಿಗೂ ಐತಿ ಅಂತಾರ. ಬೀಜ ಸಣ್ಣಂದಿರತನ, ಹನ್ನೊಂದು ಹನ್ನೆರಡು ವಯಸ್ಸಿನ್ಯಾಗನ ಬಿದ್ದಿರ್ತೈತಿ, ಮುಂದ ವಯಸ್ಸಾದಂಗ ಬೆಳಕೊಂತ ಹೋಗಿ ಐವತ್ತು ದಾಟಿದ ಮ್ಯಾಲ ಮಂದಿ ಕಣ್ಣಿಗೆ ಬೀಳ್ತೈತಿ. ಯಾವ ಸಾಮಾನು ಯಾವ ಗುಂಪಿಗೆ ಅಂತ ವಿಂಗಡ ಮಾಡೂದು, ಇಡೂದೋ ಬಿಡೂದೋ ಅಂತ ತೀರ್ಮಾನ ಮಾಡೂದು, ಇವು ಅವರಿಗೆ ಖರೇನ ಕಷ್ಟ. 2012ರಾಗ ಅಮೆರಿಕಾದಾಗ ಒಂದು ಪರೀಕ್ಷೆ ಮಾಡಿದ್ರು, ಮಂದಿನ ಸ್ಕ್ಯಾನ್ ಮಷಿನ್ಯಾಗ ಮಲಗಿಸಿ ಒಂದೊಂದ ರದ್ದಿ ಕಾಗದ ತೋರಿಸಿ ಇದನ್ನ ಹರಿಯೂದೋ ಇಡೂದೋ ಅಂತ ಕೇಳಿದ್ರು. ಮತ್ತೊಬ್ಬರ ಕಾಗದ ಇದ್ದಾಗ ಈ ಜಡ್ಡಿದ್ದವರ ಮೆದುಳಿನ ಕೆಲವು ಭಾಗ ಹೆಚ್ಚು ಎದ್ದು ಕೆಲಸ ಮಾಡ್ಲಿಲ್ಲ, ತಮ್ಮದ ಕಾಗದ ಬಂದಾಗ ಮಾತ್ರ ಅವ ಭಾಗ ಮಿತಿ ಮೀರಿ ಕೆಲಸ ಮಾಡಾಕತ್ವು. ಪಕ್ಕದ ಮನಿ ಪಸಾರಾ ತಾಸೊತ್ತಿನ್ಯಾಗ ಹಸನ ಮಾಡಿ ಕೊಡಾಕಿ ತನ್ನ ಮನಿ ಒಂದು ಡ್ರಾವರ್ ಯಾಕ ಮುಟ್ಟಂಗಿಲ್ಲ ಅಂತ ನಾವು ಸಿಟ್ಟಾಗತಿದ್ವಿ, ಇದನ್ನ ಓದಿದ ಮ್ಯಾಲ ನನ್ನ ಸಿಟ್ಟು ಇಳೀತು.

ಬಡತನದಾಗ ಬೆಳದವರಿಗೆ ಬರ್ತೈತಿ ಅಂತ ಭಾಳ ಮಂದಿ ತಿಳಕೊಂಡಾರ, 1972ರ ಬರ ನೋಡಿದ ವಿಜಾಪುರದ ಹಿರ್ಯಾರು ಒಂದು ಕಾಳೂ ಕೆಡಸಂಗಿಲ್ಲ, ಅವರಿಗೆಲ್ಲಾ ಈ ಜಡ್ಡು ಐತೇನು? ಇಲ್ಲ. ಬಡತನಕ್ಕಿಂತ ಕಳಕೊಂಡದ್ದು ಹೆಚ್ಚು ಕೆಲಸ ಮಾಡ್ತೈತಿ. ಗಂಡ ತೀರಿಕೊಂಡದ್ದು, ಮಗು ಹೋದದ್ದು, ಮನಿ ಹೋದದ್ದು. ನಮ್ಮ ಜಿಲ್ಲಾದವರಿಗೆ ಮನಿ ಹೋಗೂದು ಅಂದ್ರ ಏನು ಅಂತ ಬಿಡಿಸಿ ಹೇಳೂದ ಬ್ಯಾಡ. ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಹಳೇ ಬಾಗಲಕೋಟಿ ಅರ್ಧ ಹೋತು, ನಾವು ಮುಳುಗಡಿ ಮಂದಿ ಆಗಿ ನವನಗರಕ್ಕ ಬಂದ್ವಿ. ಮತ್ತ 2019ರ ಆಗಸ್ಟಿನ್ಯಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಲೆ ಏರಿದಾಗ ಗೋಕಾಕ, ಮುಧೋಳ, ರಾಮದುರ್ಗದ ಕಡೆ ಎಷ್ಟೋ ಮಂದಿ ಉಟ್ಟ ಬಟ್ಟಿ ಮ್ಯಾಲ ಹೊರಗ ಬಂದ್ರು.

ಅವ್ವಂದ ಮಾತು ಹೇಳ್ತೀನಿ. ಮುಳುಗಡಿ ಪರಿಹಾರ ಕೊಡೂವಾಗ ಆಫೀಸಿನ್ಯಾಗ ಒಂದು ಹಳೇ ಘರಪಟ್ಟಿ ಪಾವತಿ ಕೇಳಿದ್ರು, ಹದಿನೈದು ವರ್ಷದ ಹಿಂದಿಂದು. ಅಪ್ಪ ತಲಿ ಮ್ಯಾಲ ಕೈ ಹೊತ್ತು ಕುಂತಾಗ ಅವ್ವ ಟ್ರಂಕಿನ ತಳದಾಗಿನ ಸಕ್ರಿ ಚೀಲದಿಂದ ಆ ಪಾವತಿ ತಗದು ಕೊಟ್ಲು. ಹಳದಿ ಆಗಿತ್ತು, ನಾಕು ಮಡಿಕಿ, ಮಡಿಕಿ ಹರದಲ್ಲೆ ಅನ್ನ ಹಚ್ಚಿ ಹಿಂದ ಕಾಗದ ಅಂಟಿಸಿದ್ಲು. ಆ ಒಂದು ಚೂರು ಕಾಗದದ ಮ್ಯಾಲ ನಮಗ ಪರಿಹಾರ ಬಂತು. ಅವತ್ತಿಂದ ಅಪ್ಪನೂ ನೀ ಏನೂ ಒಗೀಬ್ಯಾಡ ಅಂದ. ಕೂಡಿಟ್ಟಿದ್ದು ಒಮ್ಮೆ ಕೈ ಹಿಡದಿತ್ತು, ಆಕಿ ಅದನ್ನ ಹೆಂಗ ಮರೀಬೇಕು ಹೇಳ್ರಿ. ಅಪ್ಪ ತೀರಿಕೊಂಡ ಮ್ಯಾಲ ಅದು ಕಾಗದದಿಂದ ಡಬ್ಬಿಗೆ, ಡಬ್ಬಿಯಿಂದ ಬಟ್ಟಿಗೆ, ಬಟ್ಟಿಯಿಂದ ಮುರದ ಫ್ಯಾನಿಗೆ, ಕುರ್ಚಿಗೆ ಹಬ್ಬಿತು.

ಅವರು ಊರಿಗೆ ಹೋದಾಗ ಎಲ್ಲಾ ಒಗದು ಬಿಡಬಹುದೇನು? ಬಂದ ಮ್ಯಾಲ ಎರಡು ದಿನ ಅತ್ತು ಸುಮ್ಮನಾಗ್ತಾರಲ್ಲ?

ಮಾಡಬ್ಯಾಡ್ರಿ. ಕೈ ಮುಗದು ಹೇಳ್ತೀನಿ, ಮಾಡಬ್ಯಾಡ್ರಿ. ನಾ ಮಾಡೀನಿ.

ಅವ್ವ ಬಾದಾಮಿ ಬನಶಂಕರಿ ಜಾತ್ರಿಗೆ ತಂಗಿ ಮನಿಗೆ ಅಂತ ಮೂರು ದಿನ ಹೋಗಿದ್ಲು. ನಾನು, ನಮ್ಮ ತಮ್ಮ ಸೇರಿ ಟ್ರ್ಯಾಕ್ಟರ್ ಕರಿಸಿ ಎರಡು ಖೋಲಿ ಖಾಲಿ ಮಾಡಿದ್ವಿ, ಎರಡು ಟ್ರಿಪ್ ಹೋತು, ಗುಜರಿಯವಂಗ ಒಂದಿಷ್ಟು, ಉಳದದ್ದು ಊರ ಹೊರಗ. ಸುಣ್ಣ ಹಚ್ಚಿಸಿ, ಹೊಸಾ ಹಾಸಗಿ ಹಾಕಿ, ಅವ್ವಗ ಖುಷಿ ಆಗತೈತಿ ಅಂತ ಖರೇನ ತಿಳಕೊಂಡಿದ್ವಿ. ಆಕಿ ಬಂದು ಕದದಾಗ ನಿಂತ್ಲು. ಬೈಲಿಲ್ಲ, ಅಳಲಿಲ್ಲ. ಒಳಗ ಬಂದು ಮಾಡದಾಗ ಕೈ ಹಾಕಿ ಹುಡುಕಿದ್ಲು, "ಗುಂಡಿ ಬಾಟ್ಲಿ ಎಲ್ಲೈತಿ" ಅಂದ್ಲು. ಅಪ್ಪನ ಅಂಗಿ ಹರದು ಒರಸೂ ಅರಿವಿ ಮಾಡೂ ಮುಂದ ಆಕಿ ಒಂದೊಂದ ಗುಂಡಿ ಕತ್ತರಿಸಿ ಒಂದು ಗಾಜಿನ ಬಾಟ್ಲ್ಯಾಗ ಹಾಕಿ ಇಟ್ಟಿದ್ಲು, ಬಿಳಿ ಗುಂಡಿ, ನಾಕು ತೂತಿಂದು, ಒಂದೊಂದರಾಗ ಇನ್ನೂ ದಾರದ ಎಳಿ ಇತ್ತು. ನಮಗ ಅದು ಕಸದಾಗಿನ ಬಾಟ್ಲಿ. ಅದೂ ಹೋಗಿತ್ತು. ತಮ್ಮ ಅವತ್ತ ರಾತ್ರಿ ಬ್ಯಾಟರಿ ಹಿಡ್ಕೊಂಡು ಹೋಗಿ ಹುಡುಕಿ ಬರೇಗೈಲೆ ಬಂದ.

ಆಮ್ಯಾಲ ಏನಾತು ಅಂದ್ರ ಎಂಟು ತಿಂಗಳದಾಗ ಎರಡೂ ಖೋಲಿ ಮತ್ತ ತುಂಬಿದ್ವು, ಮೊದಲಿಗಿಂತ ಹೆಚ್ಚ, ಈ ಸಲ ಕೀಲಿ ಹಾಕಿ ಕೀಲಿಕೈ ಸೊಂಟಕ್ಕ ಸಿಗಿಸಿಕೊಂಡ್ಲು. ಜಾತ್ರಿಗೆ, ಮದುವಿಗೆ, ಯಾರ ಮನಿಗೂ ಹೋಗೂದು ಬಿಟ್ಲು, ಮನಿ ಬಿಟ್ರ ನಾವು ಮತ್ತ ಒಗೀತೀವಿ ಅಂತ. ಡಾಕ್ಟರ್ ಹೇಳಿದ್ದೂ ಇದನ್ನ: ಖೋಲಿ ಖಾಲಿ ಆತು, ಬಿಡೂದನ್ನ ಅವರು ಕಲೀಲಿಲ್ಲ, ನಿಮ್ಮ ಮ್ಯಾಲಿದ್ದ ಭರವಸಾನೂ ಹೋತು. ಸಾಮಾನು ಯಾರು ಹಿಡದಾರೋ ಅವರ ಕೈಲೇನ ಬಿಡಬೇಕು, ನಾವು ಬಾಜೂಕ ಕುಂದರಬಹುದು ಅಷ್ಟ.

ಒಂದ ಮಾತಿಗೆ ಇದರಾಗ ವಿನಾಯಿತಿ ಐತಿ. ಗ್ಯಾಸ್ ಒಲಿ ಬಾಜೂಕ ಕಾಗದ, ಪ್ಲಾಸ್ಟಿಕ್ ಇದ್ರ, ವಾಯರ್ ಮ್ಯಾಲ ಬಟ್ಟಿ ಗಂಟು ಬಿದ್ದಿದ್ರ, ಬಾಗಲಾ ಪೂರ್ತಿ ತಗಿಯಾಕ ಬರದಿದ್ರ, ಮೂಲ್ಯಾಗ ಚೇಳು, ಹಾವು ಸೇರಿದ್ರ ತಡಾ ಮಾಡಬ್ಯಾಡ್ರಿ. ಆವಾಗೂ ಅವರಿಗೆ ಹೇಳಿ, ಅವರ ಕಣ್ಣ ಮುಂದ ಸಾಮಾನು ಇಲ್ಲಿಂದ ಅಲ್ಲಿಗೆ ಸರಸ್ರಿ, ಒಗಿಯೂ ಮಾತು ತಗೀಬ್ಯಾಡ್ರಿ. ದಾರಿ ಆಗಲಿ ಮೊದಲ.

ಹಂಗಾರ ಎಲ್ಲಿಂದ ಶುರು ಮಾಡೂದು?

ಸಣ್ಣದರಿಂದ, ಮನಸ್ಸಿಗೆ ಹತ್ತಿರ ಇಲ್ಲದ್ದರಿಂದ. ಫೋಟೋ, ಸತ್ತವರ ಬಟ್ಟಿ, ಪತ್ರ ಇವನ್ನ ಕಡೀಕ ಇಡ್ರಿ. ಒಂದು ಖೋಲಿ ಅಂತ ಅನಬ್ಯಾಡ್ರಿ, ಒಂದು ಕಟ್ಟಿ, ಒಂದು ಕುರ್ಚಿ ಅನ್ರಿ. ನಾವು ಅಡಗಿಮನಿ ಕಟ್ಟಿಯಿಂದ ಶುರು ಮಾಡಿದ್ವಿ, ಯಾಕಂದ್ರ ಅವ್ವಗ ರೊಟ್ಟಿ ಬಡಿಯಾಕ ಜಾಗಾ ಇಲ್ದ ನೆಲದ ಮ್ಯಾಲ ಕುಂತು ಬಡಿದು ಮೊಣಕಾಲು ಹಿಡೀತಿದ್ವು, ಕಟ್ಟಿ ಖಾಲಿ ಆಗಬೇಕು ಅನ್ನೂದು ಆಕಿ ಆಸೇನ ಆಗಿತ್ತು. ಅವರಿಗೆ ಏನು ಬೇಕಾಗೇತಿ ಅಂತ ಮೊದಲ ಕೇಳ್ರಿ. ಮೊಮ್ಮಗ ಬಂದ್ರ ಮಲಗಾಕ ಜಾಗಾ ಬೇಕೋ, ದೇವರ ಮನಿ ಮುಂದ ಕುಂದರಾಕ ಜಾಗಾ ಬೇಕೋ.

ಮೊದಲನೇ ದಿನ ಹೆಂಗಿತ್ತು ಅಂತ ಹೇಳ್ತೀನಿ, ಇಲ್ಲಂದ್ರ ನೀವು ಒಂದ ದಿನದಾಗ ಹತಾಶ ಆಗ್ತೀರಿ. ಒಂದ ಗೋಣಿಚೀಲ. ಒಳಗ ಬರೇ ಪ್ಲಾಸ್ಟಿಕ್ ಕ್ಯಾರಿಬ್ಯಾಗು, ಒಂದೊಂದನ್ನೂ ಅವ್ವ ಪಾನಪಟ್ಟಿಗತೆ ಮೂರು ಮೂಲಿ ಮಡಚಿ ಇಟ್ಟಿದ್ಲು. ಒಂದು ತಗದು ಬಿಚ್ಚೂದು, ಬೆಳಕಿಗೆ ಹಿಡದು ತೂತು ಐತೇನು ನೋಡೂದು, ಇದು ಬೆಳಗಾಂವಿ ಅಂಗಡೀದು, ಗಟ್ಟಿ ಐತಿ, ಅನ್ನೂದು, ಮತ್ತ ಮಡಚೂದು. ನಲವತ್ತು ನಿಮಿಷಕ್ಕ ಹನ್ನೆರಡು ಚೀಲ ನೋಡಿ ನಾಕು ಬಿಟ್ಲು. ನಾಕ. ನಾ ಒಳಗ ಹೋಗಿ ನೀರು ಕುಡದು ಬಂದೆ, ಮುಖದ ಮ್ಯಾಲ ಏನೂ ತೋರಿಸಲಿಲ್ಲ, ಆ ನಾಕು ಚೀಲ ಆಕಿ ಕೈಲೇನ ಕಸದ ಗಾಡಿಗೆ ಹಾಕಿಸಿದೆ. ಮರುದಿನ ಏಳು ಬಿಟ್ಲು.

ಡಾಕ್ಟರ್ ಕಲಿಸಿದ್ದು ಒಂದು ಕೆಲಸ ಭಾಳ ಉಪಯೋಗ ಆತು. ಒಂದು ಸಾಮಾನು ಬಿಡೂ ಮುಂದ, ಎದಿಯಾಗ ಎಷ್ಟು ಕಸಿವಿಸಿ ಆಗತೈತಿ, ಸೊನ್ನಿಯಿಂದ ಹತ್ತರ ಒಳಗ ಒಂದು ನಂಬರ್ ಹೇಳ್ರಿ ಅನ್ನೂದು, ಬಿಟ್ಟ ಮ್ಯಾಲ ಮರುದಿನ ಕೇಳೂದು, ವಾರ ಬಿಟ್ಟು ಮತ್ತ ಕೇಳೂದು. ಕಡ್ಡಿ ಮುರದ ಒಂದು ನೀಲಿ ಛತ್ರಿ ಇತ್ತು. ಕೊಡೂ ಮುಂದ ಅವ್ವ ಎಂಟು ಅಂದ್ಲು, ಕೈ ನಡಗತಿತ್ತು. ಮರುದಿನ ನಾಕು. ವಾರದ ಮ್ಯಾಲ ಕೇಳಿದ್ರ "ಯಾವ ಛತ್ರಿ?" ಅಂದ್ಲು, ಆಮ್ಯಾಲ ತಾನ ನೆನಪು ಮಾಡಕೊಂಡು ಒಂದು ಅಂದ್ಲು. ಆ ನಂಬರ್ ಎಲ್ಲಾ ಒಂದು ಹಳೇ ಕ್ಯಾಲೆಂಡರ್ ಹಿಂದ ಬರದಿಟ್ಟೆ. ತಡಕೊಂಡ್ರ ಸಂಕಟ ಇಳೀತೈತಿ ಅಂತ ಮಂದಿ ನೂರು ಸಲ ಹೇಳಿದ್ರೂ ಆಕಿ ನಂಬಿರಲಿಲ್ಲ, ತನ್ನದ ನಂಬರ್ ಇಳದದ್ದು ನೋಡಿ ನಂಬಿದ್ಲು.

ಇನ್ನೊಂದು, ಒಂದು ಸಾಮಾನು ಕೈಯಾಗ ಹಿಡದ ಮ್ಯಾಲ ತೀರ್ಮಾನ ಆಗೂತನಕ ಕೆಳಗ ಇಡಬಾರದು. ಇಡೂದು, ಕೊಡೂದು, ಒಗಿಯೂದು, ಮೂರ ಡಬ್ಬಿ. ಆಮ್ಯಾಲ ನೋಡೋಣ ಅನ್ನೂ ನಾಕನೇ ಡಬ್ಬಿ ಇಟ್ರ ಎಲ್ಲಾ ಅದರಾಗನ ಹೋಗತಾವ.

ಹಳೇ ಸೀರಿ, ಬಟ್ಟಿ? ಕೌದಿ ಹೊಲೀತೀನಿ ಅಂತ ಏಳು ಗಂಟು ಇಟ್ಟಾರ.

ನಮ್ಮ ಕಡೆ ಇದು ಎಲ್ಲಾ ಮನ್ಯಾಗೂ ಐತಿ. ಹಳೇ ಬಟ್ಟಿ ಒಗೀಬಾರದು, ಕೌದಿ ಆಗಬೇಕು ಅನ್ನೂದು ನಮ್ಮ ಅಜ್ಜಿಗಳ ಜಾಣತನ, ಸವದ ಇಳಕಲ್ ಸೀರಿ ಸೆರಗು, ಧೋತ್ರ, ಹುಡುಗರ ಲಂಗಾ ಎಲ್ಲಾ ಕೂಡಿ ಒಂದು ಹಾಸಗಿ ಆಗತೈತಿ, ಆ ಹಾಸಗಿಯಾಗ ಇಡೀ ಮನೆತನ ಮಲಗತೈತಿ. ಅದನ್ನ ಬಿಡ್ರಿ ಅನ್ನಂಗಿಲ್ಲ ನಾ. ಖರೆ ಏಳು ಗಂಟು ಇಟ್ಟು ಹತ್ತು ವರ್ಷದಾಗ ಒಂದೂ ಕೌದಿ ಹೊಲೀಲಿಲ್ಲ ಅಂದ್ರ ಅದು ಕೌದಿ ಅಲ್ಲ, ಗಂಟು. ನಾವು ಮಾಡಿದ್ದು ಇಷ್ಟ: ಒಂದು ಕೌದಿಗೆ ಎಷ್ಟು ಬೇಕೋ ಅಷ್ಟ ಬಟ್ಟಿ ಅವ್ವನ ಕೈಲೆ ಆರಿಸಿ ಬಾಜೂಕ ಇಟ್ವಿ, ಓಣ್ಯಾಗಿನ ಇಬ್ಬರು ಕೌದಿ ಹೊಲಿಯೂ ಹೆಣ್ಮಕ್ಕಳನ್ನ ಕರದು ಪಡಸಾಲ್ಯಾಗ ಕುಂದ್ರಿಸಿದ್ವಿ, ಅವ್ವನೂ ಕುಂತ್ಲು. ಆ ಪಡಸಾಲ್ಯಾಗ ನಾಕು ಮಂದಿ ಕುಂದರೂ ಜಾಗಾ ಮಾಡಾಕನ ಹದಿನೈದು ದಿನ ಹಿಡದಿತ್ತು. ಅಪ್ಪನ ಕಡೀ ಅಂಗಿ ಆ ಕೌದಿ ನಡುವ ಐತಿ. ಅಂಗಿ ಬಿಟ್ಟಂಗೂ ಆತು, ಇಟ್ಟಂಗೂ ಆತು. ಉಳದ ಗಂಟಿನ್ಯಾಗಿಂದು ಭಾಂಡೆಯವರಿಗೆ ಕೊಟ್ಟು ಮೂರು ಸ್ಟೀಲ್ ಡಬ್ಬಿ ತಗೊಂಡ್ಲು, ಅದು ತಪ್ಪಾತು, ಒಂದು ಬಿಟ್ಟು ಮೂರು ಬಂದಂಗಾತು. ಮುಂದಿಂದು ಸುಮ್ಮನ ಕೊಟ್ಟು ಬಿಟ್ವಿ.

ಕಾಗದ ಪತ್ರ ಹೆಂಗ? ಒಗದ ಮ್ಯಾಲ ಬೇಕಾದ್ರ?

ಈ ಹೆದರಿಕಿ ಖರೇದು, ಅದನ್ನ ಹಗರ ಮಾಡಬ್ಯಾಡ್ರಿ. ಖರೀದಿ ಪತ್ರ, ಮುಳುಗಡಿ ಪರಿಹಾರದ ಮತ್ತ ಹೊಸಾ ಪ್ಲಾಟಿನ ಕಾಗದ, ಕೋರ್ಟಿನ ಕಾಗದ, ಜನ್ಮ ಮರಣದ ದಾಖಲಿ, ಪೆನ್ಶನ್ ಕಾಗದ, ದವಾಖಾನಿ ಫೈಲು, ಇವು ಒಂದು ಟ್ರಂಕಿನ್ಯಾಗ ಇರಲಿ. ಹೊಲದ ಉತಾರ ಹಳೇದು ಹತ್ತು ಪ್ರತಿ ಇಡೂದು ಬೇಕಾಗಿಲ್ಲ, ಸರ್ಕಾರದ ‘ಭೂಮಿ’ ಅನ್ನೂ ಕಂಪ್ಯೂಟರ್ ದಾಖಲ್ಯಾಗ ಐತಿ, ಬೇಕಾದಾಗ ಹೊಸಾದು ತಗೀಬಹುದು. ಆಧಾರ್, ಎಷ್ಟೋ ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ನ್ಯಾಗ ಸಿಗತಾವ. ತುಂಬಿದ ಕರೆಂಟ್ ಬಿಲ್ಲು, ಮದುವಿ ಕಾರ್ಡು, ಔಷಧ ಚೀಟಿ, ಹಳೇ ಪೇಪರ್ ಇವ ಮುಕ್ಕಾಲು ಪಾಲು ಇರ್ತಾವ, ರದ್ದಿಗೆ ಹೋಗಲಿ. ಅವ್ವಗ ನಾವು ಆ ಟ್ರಂಕಿನ ಕೀಲಿಕೈ ಕೊಟ್ವಿ. ಬೇಕಾದದ್ದು ಎಲ್ಲೈತಿ ಅಂತ ಗೊತ್ತಾದ ಮ್ಯಾಲ ಬ್ಯಾಡಾದದ್ದು ಬಿಡೂದು ಸಸಾರ ಆತು.

ಒಂದು ಕಡೆ ಖಾಲಿ ಮಾಡಿದ್ರ ಇನ್ನೊಂದು ಕಡೆ ತರ್ತಾರಲ್ಲ?

ಈ ಜಡ್ಡಿದ್ದ ಹತ್ತು ಮಂದಿಯಾಗ ಎಂಟೊಂಬತ್ತು ಮಂದಿಗೆ ತರೂ ಹುಚ್ಚೂ ಜೋಡೀಗಿರ್ತೈತಿ. ಸಂತ್ಯಾಗ ಅಗ್ಗ ಸಿಕ್ತು, ಆಫರ್ ಇತ್ತು, ಯಾರೋ ಒಗ್ಯಾಕತ್ತಿದ್ರು ಪಾಪ. ಪೂರಾ ನಿಲ್ಲಸ್ತೀನಿ ಅಂತ ಆಣಿ ಮಾಡಿಸಿದ್ರ ಕದ್ದು ತರ್ತಾರ. ಸಂತಿಗೆ ಜೋಡೀಲೆ ಹೋಗ್ರಿ, ನೋಡ್ರಿ, ಕೈಯಾಗ ಹಿಡೀರಿ, ಬಿಟ್ಟು ಬರ್ರಿ. ಅದನ್ನ ಒಂದು ಅಭ್ಯಾಸ ಅಂತನ ಡಾಕ್ಟರು ಮಾಡಸ್ತಾರ, ತಗೊಳ್ಳೂ ಆಸೆನೂ ಹತ್ತರಿಂದ ಕೆಳಗಿಳಿಯೂದು ನೋಡೂದು. ಮನಿಗೆ ಹೋದ ಮ್ಯಾಲ ಇದಕ್ಕ ಜಾಗಾ ಎಲ್ಲೈತಿ, ಇಂಥಾದ್ದು ಈಗ ಎಷ್ಟದಾವ, ಈ ತಿಂಗಳದಾಗ ಉಪಯೋಗಕ್ಕ ಬರ್ತೈತೇನು, ಇಷ್ಟು ಕೇಳಕೊಂಡ ಮ್ಯಾಲೂ ಬೇಕನಿಸಿದ್ರ ನಾಳಿ ಬಂದು ತಗೊಂಡ್ರಾತು.

ಬೈದು, ನಾಚಿಕಿ ಆಗೂಹಂಗ ಮಾಡಿದ್ರ ಬಿಡ್ತಾರೇನು?

ಇಲ್ಲ. ನಮ್ಮ ಕಾಕಾ ಒಬ್ಬರು ಬಂದಾಗೊಮ್ಮೆ ವಿಜಾಪುರದ ಸಿದ್ಧೇಶ್ವರ ಅಪ್ಪಾವ್ರನ್ನ ನೆನಸಿ, ಅವರ ಅಂಗಿಗೆ ಕಿಸೇನ ಇರಲಿಲ್ಲ, ನಿನಗ ಇಷ್ಟೆಲ್ಲಾ ಯಾಕ ಬೇಕವಾ ಅಂತಿದ್ರು. ಅಪ್ಪಾವ್ರ ಮಾತು ಖರೇ, ಪದ್ಮಶ್ರೀ ಕೊಟ್ಟಾಗೂ ಬ್ಯಾಡ ಅಂದವರು ಅವರು, 2023ರ ಜನವರಿ 2ಕ್ಕ ಲಿಂಗೈಕ್ಯ ಆದಾಗ ಅವ್ವ ಅವತ್ತ ಉಂಡಿಲ್ಲ. ಆಕಿಗೆ ಅವರ ಮ್ಯಾಲ ಅಷ್ಟು ಭಕ್ತಿ. ಅದಕ್ಕ ಆ ಮಾತು ಕೇಳಿದಾಗೊಮ್ಮೆ ಆಕಿ ಕುಗ್ಗಿ ಹೋಗ್ತಿದ್ಲು, ಖೋಲಿಗೆ ಹೋಗಿ ಕದ ಹಾಕ್ಕೊಂತಿದ್ಲು. ಕಾಲು ಮುರದವಗ ಪೈಲ್ವಾನನ್ನ ತೋರಿಸಿದ್ರ ಎದ್ದು ಓಡ್ತಾನೇನು? ಕಸಾ, ಗುಜರಿ, ಹೊಲಸು ಅನ್ನೂ ಮಾತು ಅವರ ಸಾಮಾನಿಗೆ ಅನಬ್ಯಾಡ್ರಿ. ಅವರು ಯಾವ ಹೆಸರಿಲೆ ಕರೀತಾರೋ ಅದ ಹೆಸರಿಲೆ ನೀವೂ ಕರೀರಿ.

ಯಾವ ಡಾಕ್ಟರ್ ಹತ್ರ ಹೋಗಬೇಕು? ಗುಳಿಗಿಲೆ ಕಡಿಮಿ ಆಗತೈತೇನು?

ಮನೋವೈದ್ಯರ ಹತ್ರ. ಈ ಜಡ್ಡಿಗಂತನ ಒಪ್ಪಿಗಿ ಸಿಕ್ಕ ಗುಳಿಗಿ ಇಲ್ಲ, ಖರೆ ಇದರ ಜೋಡಿ ಖಿನ್ನತಿ, ಆತಂಕ ಭಾಳ ಮಂದಿಗೆ ಇರ್ತಾವ, ಅದಕ್ಕ ಗುಳಿಗಿ ಕೊಡ್ತಾರ, ಅದು ಹಗರ ಆದ್ರ ಇದರ ಮ್ಯಾಲ ಕೆಲಸ ಮಾಡಾಕ ಶಕ್ತಿ ಬರ್ತೈತಿ. ಮುಖ್ಯ ಉಪಚಾರ ಅಂದ್ರ ಸಿಬಿಟಿ ಅನ್ನೂ ಮಾತಿನ ಚಿಕಿತ್ಸೆ, ಇಲ್ಲಿ ಬರದ ನಂಬರ್ ಹೇಳೂದು, ಮೂರು ಡಬ್ಬಿ, ಸಂತಿ ಅಭ್ಯಾಸ ಎಲ್ಲಾ ಅದರಾಗಿಂದ. ಇದಕ್ಕಂತ ಮಾಡಿದ ಕ್ರಮದಾಗ ಸುಮಾರು 26 ಸಲ ಕುಂದರೂದು ಇರ್ತೈತಿ, ಒಂದಿಷ್ಟು ಸಲ ಮನಿಗೇನ ಬರ್ತಾರ. ನಮ್ಮ ಕಡೆ ಮನಿಗೆ ಬರವರು ಸಿಗೂದು ಕಷ್ಟ, ನಾವು ಫೋನಿನ್ಯಾಗ ಖೋಲಿ ಫೋಟೋ ಹೊಡಕೊಂಡು ಹೋಗಿ ತೋರಸ್ತಿದ್ವಿ.

ರೊಕ್ಕದ ಚಿಂತಿ ಇದ್ರ ಮೊದಲ 14416ಕ್ಕ ಫೋನ್ ಮಾಡ್ರಿ, ಅದು ಮನಸ್ಸಿನ ತೊಂದ್ರಿಗಂತ ಇರೂ ಸರ್ಕಾರದ ಫೋನ್ ಸೇವಾ, ಟೆಲಿ ಮಾನಸ್, 2022ರ ಅಕ್ಟೋಬರ್ 10ಕ್ಕ ಶುರುವಾದದ್ದು, ಪುಕ್ಕಟೆ, ಹಗಲು ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡ್ತಾರ. ಜಿಲ್ಲಾ ಆಸ್ಪತ್ರ್ಯಾಗ ಮಾನಸಿಕ ರೋಗ ವಿಭಾಗ ಇರ್ತೈತಿ, ಮನೋಚೈತನ್ಯ ಅನ್ನೂ ಯೋಜನ್ಯಾಗ ತಾಲೂಕು ಆಸ್ಪತ್ರ್ಯಾಗ ಮಂಗಳವಾರ ನೋಡ್ತಾರ. ದೊಡ್ಡ ಕಡೆ ಹೋಗಬೇಕಂದ್ರ ಧಾರವಾಡದ ಡಿಮ್ಹಾನ್ಸ್ ಅನ್ನೂ ಮಾನಸಿಕ ಆಸ್ಪತ್ರಿ ನಮಗ ಹತ್ರ. ಒತ್ತಾಯಲೆ ಅಡ್ಮಿಟ್ ಮಾಡಸೂ ವಿಚಾರ ಮಾತ್ರ ಬಿಡ್ರಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಬರೇ ಸಾಮಾನು ಕೂಡಿಟ್ರು ಅಂತ ಅದು ಆಗೂದೂ ಇಲ್ಲ, ಆಗಬಾರದು. ಹುಚ್ಚರ ದವಾಖಾನಿಗೆ ಒಯ್ತೀನಿ ಅಂತ ಹೆದರಿಸಿದವರ ಮನಿ ಮಂದಿ ಮುಂದ ಯಾವ ಡಾಕ್ಟರ್ ಹತ್ರಾನೂ ಬರಂಗಿಲ್ಲ.

ಅಜ್ಜಗ ಎಪ್ಪತ್ತೈದು, ಮೊದಲ ಇರಲಿಲ್ಲ, ಈಗ ಆರು ತಿಂಗಳಿಂದ ಕಸಾ ಆರಿಸಿ ತಂದು ಇಡ್ತಾರ.

ಇದು ಬ್ಯಾರೆ ಇರಬಹುದು. ಮುಪ್ಪಿನ್ಯಾಗ ಒಮ್ಮಿಂದೊಮ್ಮೆ ಶುರುವಾದ್ರ ಮರೆವಿನ ರೋಗ, ಪಾರ್ಶ್ವವಾಯು, ಮೆದುಳಿಗೆ ಪೆಟ್ಟು ಇವನ್ನ ಮೊದಲ ನೋಡಿಸ್ಬೇಕು. ತಡಾ ಮಾಡಬ್ಯಾಡ್ರಿ, ಡಾಕ್ಟರಿಗೆ ಯಾವಾಗಿಂದ ಶುರುವಾತು ಅಂತ ಸರಿಯಾಗಿ ಹೇಳ್ರಿ.

ಫೋನಿನ್ಯಾಗ ಹತ್ತು ಸಾವಿರ ಫೋಟೋ ಅದಾವ, ಅದೂ ಇದನ್ನೇನು?

ಬರೇ ಫೋಟೋ ಇದ್ರ ಅಲ್ಲ. ಅಳಸಾಕ ಹೋದ್ರ ಜೀವ ಹೋದಂಗ ಆಗಿ, ದಿನಕ್ಕ ತಾಸುಗಟ್ಟಲೆ ಅದರಾಗನ ಹೋಗಾಕತ್ರ ಡಾಕ್ಟರಿಗೆ ಹೇಳ್ರಿ. ಇಂಥಾ ಮಂದೀನೂ ಅದಾರ.

ಇದನ್ನ ಓದಿದ ಮ್ಯಾಲ ನನಗ ಇದು ಐತಿ ಅನಸಾಕತ್ತೈತಿ. ಯಾರ ಮುಂದ ಹೇಳಾಕೂ ನಾಚಿಕಿ.

ತಂಗೀ, ತಮ್ಮಾ, ಯಾರೇ ಇರ್ರಿ, ನಿಮಗ ಅನಿಸಿದ್ದನ್ನ ನಾ ದೊಡ್ಡದು ಅಂತೀನಿ, ಎಷ್ಟೋ ಮಂದಿಗೆ ಅನಸಂಗೇ ಇಲ್ಲ. ಇವತ್ತ ಮನಿ ತುಂಬ ನೋಡಬ್ಯಾಡ್ರಿ. ನೀವು ಮಲಗೂ ಮಂಚದ ಮ್ಯಾಲ ಏನರ ಇದ್ರ ಅದರಾಗಿಂದ ಒಂದ ತಗೀರಿ. ಹದಿನೈದು ನಿಮಿಷ ಗಡಿಯಾರ ಇಟ್ಟು ಮಾಡ್ರಿ, ಗಂಟಿ ಹೊಡದ ಮ್ಯಾಲ ನಿಲ್ಲಸ್ರಿ, ಹುರುಪು ಇದ್ರೂ ನಿಲ್ಲಸ್ರಿ. ನಂಬಿಕಿ ಇದ್ದ ಒಬ್ಬರನ್ನ ಬಾಜೂಕ ಕುಂದ್ರಿಸಿಕೊಳ್ರಿ, ಅವರು ನಿಮ್ಮನ್ನ ಕೇಳದ ಏನೂ ಮುಟ್ಟಬಾರದು ಅಂತ ಮೊದಲ ಹೇಳ್ರಿ. ಮತ್ತ ಆ ನಂಬರ್, 14416. ಹೆಸರು ಹೇಳೂದು ಬ್ಯಾಡಂದ್ರ ಹೇಳಬ್ಯಾಡ್ರಿ, ಮಾತಾಡ್ರಿ ಅಷ್ಟ.

ಎಷ್ಟು ದಿನಕ್ಕ ಆರಾಮ ಆಗತೈತಿ? ನಿಮ್ಮವ್ವ ಈಗ ಹೆಂಗದಾರ?

ವರ್ಷದ ಲೆಕ್ಕ ಇದು, ದಿನದ್ದಲ್ಲ. ಪೂರಾ ಹೋತು ಅನ್ನೂದಕ್ಕಿಂತ ಕೈಯಾಗ ಬಂತು ಅನ್ನಬಹುದು. ಎರಡು ಖೋಲ್ಯಾಗ ಒಂದು ಖಾಲಿ ಐತಿ, ಇನ್ನೊಂದು ಅರ್ಧ. ನಡುವ ಅಕ್ಕನ ಮಗನ ಸಾವು ಆದಾಗ ಮತ್ತ ಮೂರು ತಿಂಗಳು ಭಾಳ ತಂದ್ಲು, ನಾವು ಬೈಲಿಲ್ಲ, ಡಾಕ್ಟರ್ ಹತ್ರ ಹೋದ್ವಿ, ಮತ್ತ ನೀಲಿ ಛತ್ರಿಯಿಂದ ಶುರು ಮಾಡಿದಂಗ ಮಾಡಿದ್ವಿ. ಸೊಂಟದಾಗಿನ ಕೀಲಿಕೈ ಈಗ ಮೊಳಿಗೆ ಹಾಕ್ತಾಳ.

ಮೊನ್ನೆ ದಸರಾಕ್ಕ ಹಾಸಗಿ ಒಗಿಯೂ ಮುಂದ ತಮ್ಮ ತನ್ನ ಹಳೇ ಅಂಗಿ ಒರಸೂ ಅರಿವಿಗೆ ಹಾಕಿದ್ದ. ಅವ್ವ ಅದನ್ನ ತಗೊಂಡು ಕತ್ತರಿ ಹಿಡದು ಗುಂಡಿ ಕತ್ತರಿಸಾಕತ್ಲು, ನನ್ನ ಎದಿ ಝಲ್ಲಂತು. ಆರು ಗುಂಡಿ ಅಂಗೈಯಾಗ ಹಿಡಕೊಂಡು ಒಂದೊಂದ ತಿರವಿ ನೋಡಿದ್ಲು. ಒಂದನ್ನ ದಾರದ ಡಬ್ಬ್ಯಾಗ ಹಾಕಿದ್ಲು. ಉಳದ ಐದನ್ನ ಬಾಜೂ ಮನಿ ಟೇಲರ್ ಹುಡುಗಗ ಕೊಡು ಅಂತ ನನ್ನ ಕೈಯಾಗ ಇಟ್ಲು.